ಥರ್ಮನ್ ಮಾವ ತೊಳೆದ ಗಿಟಾರ್

ನಮ್ಮ ಥರ್ಮನ್ ಮಾವನ ಅಂಗಳದಲ್ಲಿ ತಳವಿಲ್ಲದ ಒಂದು ದೋಣಿಯಿದೆ. ಅದರೊಳಗೆ ಎಂಜಿನ್ ಇಲ್ಲದ ಹುಲ್ಲು ಕತ್ತರಿಸುವ ಯಂತ್ರ, ಅದಕ್ಕೆ ಒರಗಿಸಿಟ್ಟ ಬಾಗಿಲಿಲ್ಲದ ಫ್ರಿಜ್ಜು. ಯಾವುದನ್ನೂ ಅವನು ಕಸ ಎಂದು ಒಪ್ಪುವುದಿಲ್ಲ. "ಅದು ಕೆಲಸ ನಡೀತಾ ಇರೋದು" ಎನ್ನುತ್ತಾನೆ. ನಾನು ಕಾಲೇಜಿಗೆ ಹೊರಟಾಗ ನಡೆಯುತ್ತಿದ್ದ ಕೆಲಸ, ಓದು ಮುಗಿಸಿ ಮೇಷ್ಟ್ರಾಗಿ ಊರಿಗೆ ಮರಳಿದಾಗಲೂ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ದೋಣಿಯೊಳಗೆ ಒಂದು ಮರ ಹುಟ್ಟಿತ್ತು, ಅಷ್ಟೇ ವ್ಯತ್ಯಾಸ.

ಮಾವ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಆದರೆ ಅವನ ಲೆಕ್ಕದಲ್ಲಿ ಅದು ಹೊಟ್ಟೆಪಾಡು. ನಿಜವಾದ ಕಸುಬು ಹಾಳಾದದ್ದಕ್ಕೆ ಜೀವ ಕೊಡುವುದು. ಅಮೆರಿಕದ ಅರ್ಕಾನ್ಸಾದ ನಮ್ಮ ಕಡೆ ಹತ್ತಿ ಹೊಲಗಳ ನಡುವೆ ಹಾಳಾದದ್ದಕ್ಕೆ ಬರವಿಲ್ಲ. ಜೀವ ಬಂದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಅವನಿಗೆ ಇನ್ನೊಂದು ಆಸೆಯಿತ್ತು. ನಮ್ಮ ನ್ಯೂ ಸೈಲೋಮ್ ಚರ್ಚಿನಲ್ಲಿ ಡ್ರಮ್ಮಿನ ಪಕ್ಕ ಒಂದು ಕುರ್ಚಿ ಇದೆ. ದಪ್ಪ ತಂತಿಯ, ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುವವರ ಕುರ್ಚಿ. ನನಗೆ ನೆನಪಿರುವಷ್ಟು ಕಾಲ ಅದರಲ್ಲಿ ಕೂತವರು ಬ್ರದರ್ ರೇಫೀಲ್ಡ್ ಕೋಟ್ಸ್. ಅವರು ತಂತಿ ಮುಟ್ಟಿದರೆ ಸದ್ದು ಮೊದಲು ಕಿವಿಗೆ ಬರುತ್ತಿರಲಿಲ್ಲ, ಕೂತ ಬೆಂಚಿನಿಂದ ಸೊಂಟಕ್ಕೆ ಹತ್ತುತ್ತಿತ್ತು. ದುಬ್, ದುಬ್, ಒಣಗಿದ ನೆಲವನ್ನು ಹಿಮ್ಮಡಿಯಿಂದ ತುಳಿದ ಹಾಗೆ. ಆ ಸದ್ದಿನ ಮೇಲೆ ಹಾಡು ತಾನಾಗಿ ಎದ್ದು ನಿಲ್ಲುತ್ತಿತ್ತು. ಮಾವ ಚಿಕ್ಕಂದಿನಲ್ಲಿ ಮದುವೆ ಮನೆಗಳಲ್ಲಿ ಒಂದಿಷ್ಟು ಬೇಸ್ ನುಡಿಸಿದ್ದ. ಆ ಕುರ್ಚಿಯನ್ನು ಅವನು ಹಸಿದವನು ಊಟದ ತಟ್ಟೆ ನೋಡುವಂತೆ ನೋಡುತ್ತಿದ್ದುದನ್ನು ಡ್ರಮ್ಮಿನ ಹಿಂದೆ ಕೂತ ನಾನು ಪ್ರತಿ ಭಾನುವಾರ ಕಂಡಿದ್ದೇನೆ.

ಕೋಟ್ಸ್ ತೀರಿಕೊಂಡರು. ಮನೆ ಸಾಮಾನು ಸಾಗಿಸುವಾಗ ಅವರ ಗಿಟಾರಿನ ಮೇಲೆ ಬೀರು ಬಿದ್ದು ಅದರ ಕುತ್ತಿಗೆ ಸೀಳಿತು. ಮೊಮ್ಮಗನೊಬ್ಬ ಅದನ್ನು ಅಜ್ಜಿಗೂ ಹೇಳದೆ ಗಿರವಿ ಅಂಗಡಿಗೆ ಹಾಕಿದ. ಕುರ್ಚಿ ಖಾಲಿ ಉಳಿಯಿತು. ಪಾಸ್ಟರ್ ಗೇನ್ಸ್‌ಗೆ ಮೆಂಫಿಸ್‌ನ ಒಬ್ಬ ಹುಡುಗನ ಮೇಲೆ ಕಣ್ಣಿತ್ತು. ಚೆನ್ನಾಗಿ ನುಡಿಸುತ್ತಾನೆ, ಆದರೆ ನದಿ ದಾಟಿ ಬರುವುದಕ್ಕೆ ಸಂಬಳ ಕೇಳುತ್ತಾನೆ.

ಆಗ ಥರ್ಮನ್ ಮಾವ ಗಿರವಿ ಅಂಗಡಿಯಿಂದ ಆ ಮುರುಕು ಗಿಟಾರನ್ನು ಅರವತ್ತು ಡಾಲರಿಗೆ ತಂದ. ತಂದದ್ದನ್ನು ಇಡೀ ಊರಿಗೆ ಸಾರಿದ.

"ಪಾಸ್ಟರ್, ಸಂಬಳ ಕೊಟ್ಟು ಯಾವನನ್ನೋ ಯಾಕೆ ಕರೆಸ್ತೀರಾ? ಕೋಟ್ಸ್ ಗಿಟಾರೇ ನನ್ನ ಕೈಲಿದೆ. ಕಡಿಮೆ ಖರ್ಚಲ್ಲಿ ಹೊಸದರ ಹಾಗೆ ಮಾಡ್ತೀನಿ."

"ಬ್ರದರ್ ಥರ್ಮನ್, ನಿಮ್ಮ ದೋಣೀನೂ ಹೊಸದರ ಹಾಗೆ ಮಾಡ್ತೀನಿ ಅಂದಿದ್ರಿ."

"ದೋಣಿ ಬೇರೆ ವಿಷಯ, ಅದಕ್ಕೆ ತಳ ಇಲ್ಲ."

ಪಾಸ್ಟರ್ ನಕ್ಕರು. "ಸರಿ. ಚರ್ಚಿನ ವಾರ್ಷಿಕೋತ್ಸವದ ಭಾನುವಾರ ನುಡಿಸಿ. ಜನ ಒಪ್ಪಿದ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ಮೆಂಫಿಸ್‌ಗೆ ಫೋನ್ ಮಾಡ್ತೀನಿ."

ಇಲ್ಲಿ ನಾನು ಒಂದು ಮಾತು ಒಪ್ಪಬೇಕು. ಮಾವ ಕುತ್ತಿಗೆಯನ್ನು ಚೆನ್ನಾಗಿಯೇ ಕೂಡಿಸಿದ. ಸೀಳಿನೊಳಗೆ ಮರದ ಅಂಟು ಇಳಿಸಿ, ಕ್ಲಾಂಪ್ ಬಿಗಿದು, ಒಣಗುವ ತನಕ ಮುಟ್ಟದೆ ಬಿಟ್ಟ. ಕಿತ್ತುಹೋಗಿದ್ದ ವೈರಿಗೆ ಟೈರ್ ಅಂಗಡಿಯ ಬೆಸುಗೆ ಕಡ್ಡಿಯಿಂದಲೇ ಬೆಸುಗೆ ಹಾಕಿದ. ಜನ್ಮದಲ್ಲಿ ಮೊದಲ ಬಾರಿಗೆ ಹಿಡಿದ ಕೆಲಸ ಮುಗಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುಗಿಸಿ ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಹೇಗೆ ಗೊತ್ತಾಗಬೇಕು? ಫೋನಿನಲ್ಲಿ ಯಾರೋ ಹಳೆ ಗಿಟಾರುಗಳನ್ನು ಕನ್ನಡಿಯಂತೆ ಹೊಳೆಸುವ ವಿಡಿಯೋಗಳನ್ನು ನೋಡಿ ಅವನ ತಲೆ ತಿರುಗಿತ್ತು.

ಶನಿವಾರ ನಾನು ಹೋದಾಗ ಮಾವ ಅಡುಗೆಮನೆಯ ಮೇಜಿನ ಮೇಲೆ ಗಿಟಾರನ್ನು ಮಲಗಿಸಿ ಮಗುವಿಗೆ ಎಣ್ಣೆ ಹಚ್ಚುವಂತೆ ಪಾಲಿಷ್ ತಿಕ್ಕುತ್ತಿದ್ದ. ಕೋಟ್ಸ್ ಹೆಬ್ಬೆರಳು ಊರಿ ಊರಿ ಬಣ್ಣ ಹೋಗಿ ಮರ ಕಾಣುತ್ತಿದ್ದ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಹೊಸ ಕೆಂಪು ಬಣ್ಣ ಬಳಿದಿದ್ದ. ತಂತಿಗಳು ಹೊಸವು, ಕೋಟ್ಸ್ ಹಾಕುತ್ತಿದ್ದ ನಯವಾದ ಸುತ್ತಿನವಲ್ಲ, ಮೇಲೆ ಸುತ್ತಿದ ಎಳೆ ಬೆರಳಿಗೆ ಒರಟಾಗಿ ತಾಗುವಂಥವು. ದೀಪದ ಬೆಳಕಿಗೆ ಮಿರಮಿರ ಮಿಂಚುತ್ತಿದ್ದವು.

"ಆ ಮುದುಕ ಎಂಥ ಕೊಳಕ ಅಂತೀಯಾ!" ಎಂದ. "ತಂತಿ ಇದ್ದಿಲಾಗಿತ್ತು ಕಣೋ. ಒಂದು ಸಲಾನೂ ಬದಲಾಯಿಸಿಲ್ಲ. ತಂತಿ ಕಟ್ಟೋ ಕಡೆ ಈ ತಗಡಿನ ಮುಚ್ಚಳ ಇದೆಯಲ್ಲ, ತೆಗೆದು ನೋಡ್ತೀನಿ, ಒಳಗೆ ಕಪ್ಪಗೆ ಗಟ್ಟಿಯಾದ್ದು ಏನೋ ತಂತಿಗೆ ಅಂಟಿಕೊಂಡು ಕೂತಿದೆ. ಇಲಿ ಗೂಡು! ದೇವರ ಮನೇಲಿ ಇಲಿ ಗೂಡು ಇಟ್ಕೊಂಡು ನುಡಿಸ್ತಿದ್ದ. ಒಲೆಗೆ ಹಾಕಿದೆ."

ಅರ್ಲೀನ್ ಅತ್ತೆ ಪಾತ್ರೆ ತೊಳೆಯುತ್ತ ತಿರುಗಿದಳು. "ಅಂಗಳದಲ್ಲಿರೋ ಒಂದು ಮೊಳೇನೂ ಎಸೆಯಲ್ಲ ಈ ಮನುಷ್ಯ. ಅದೊಂದನ್ನ ಎಸೆದಿದಾನೆ. ಸೂರ್ಯನಿಗೇ ಗ್ರಹಣ ಹಿಡಿಯುತ್ತೆ ನೋಡ್ತಿರು."

ಭಾನುವಾರ ಚರ್ಚು ತುಂಬಿತ್ತು. ಮಾವ ನೀಲಿ ಸೂಟು ತೊಟ್ಟು, ಎದೆಯ ಮೇಲೆ ಆ ಕೆಂಪು ಗಿಟಾರ್ ಹೊತ್ತು ಬಂದ. ಕೂರುವ ಮೊದಲು ಎಲ್ಲರಿಗೂ ಕಾಣುವಂತೆ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದ. ಮುಂದಿನ ಸಾಲಿನಲ್ಲಿ ಬಿಳಿ ಟೋಪಿ ಹಾಕಿದ ಹಿರಿಯ ತಾಯಂದಿರ ನಡುವೆ ಕೋಟ್ಸ್ ಹೆಂಡತಿ, ನಾವೆಲ್ಲ ಮದರ್ ಒಡೆಸಾ ಎನ್ನುವವರು, ಕಣ್ಣು ಮುಚ್ಚಿ ಕೂತಿದ್ದರು. ಗಂಡನ ಸದ್ದು ಕೇಳಲು ಬಂದಿದ್ದರು.

ನಾನು ತಾಳ ಹಿಡಿದೆ. ಮಾವ ತಂತಿ ಮೀಟಿದ.

ಟಣ್ಣ್!

ತಟ್ಟೆ ಮೇಲೆ ಚಮಚ ಬಿದ್ದ ಸದ್ದು. ಮೀಟಿದ ಪ್ರತಿ ಸ್ವರವೂ ಝಣ್ಣೆಂದು ಎಳೆದುಕೊಂಡು ಹೋಗಿ ಮುಂದಿನ ಸ್ವರದ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಹಾಡುವವರು ಹೆಜ್ಜೆಗೆ ನೆಲ ಸಿಗದೆ ಒಬ್ಬರ ಮುಖ ಒಬ್ಬರು ನೋಡಿದರು. ಮಾವನಿಗೆ ಮಾತ್ರ ಆನಂದ. ಇನ್ನಷ್ಟು ಜೋರಾಗಿ ಮೀಟಿದ. ಎರಡನೇ ಹಾಡಿನ ಹೊತ್ತಿಗೆ ಜನ ಹಾಡಿನ ಜೊತೆ ಚಪ್ಪಾಳೆ ತಟ್ಟುವುದನ್ನೇ ಬಿಟ್ಟರು. ನಮ್ಮ ಚರ್ಚಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಆರಾಧನೆ ಮುಗಿದ ಮೇಲೆ ಮದರ್ ಒಡೆಸಾ ಕೋಲೂರಿಕೊಂಡು ನೇರ ಕುರ್ಚಿಯ ಹತ್ತಿರ ಬಂದರು. ತಗಡಿನ ಮುಚ್ಚಳದ ಕೆಳಗೆ ಬೆರಳು ತೂರಿಸಿ ತಡವಿದರು.

"ನನ್ನ ಸ್ಪಂಜು ಎಲ್ಲಪ್ಪಾ?"

"ಯಾವ ಸ್ಪಂಜು ಮದರ್?"

"ಪಾತ್ರೆ ತೊಳೆಯೋ ಸ್ಪಂಜು. ಸದ್ದು ಉದ್ದ ಎಳೀತದೆ, ಒಂದು ಚೂರು ಕೊಡು ಅಂತ ಅವರು ಕೇಳಿದ್ರು. ಮದುವೆಯಾದ ವರ್ಷ ನಾನೇ ಕತ್ತರಿಸಿ ಕೊಟ್ಟಿದ್ದೆ. ತಂತಿ ಕೆಳಗೆ ಒತ್ತಿಟ್ಟಿದ್ರು."

ಮಾವ ಕರವಸ್ತ್ರ ತೆಗೆದು ಗಿಟಾರನ್ನು ಒರೆಸತೊಡಗಿದ. ಹಿಂದಿನಿಂದ ಅರ್ಲೀನ್ ಅತ್ತೆಯೇ ಹೇಳಿದಳು, "ಇಲಿ ಗೂಡು ಅಂತ ಸುಟ್ಟುಹಾಕಿದ್ರು ಮದರ್."

ಪಕ್ಕದ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮದರ್ ಒಡೆಸಾ ನಗಲಿಲ್ಲ.

"ಹೋಗಲಿ, ತಂತಿ? ಅವರ ತಂತಿ ಆದ್ರೂ ಇದೆಯಾ?"

"ಇದೆ ಇದೆ!" ಮಾವನ ಮುಖದಲ್ಲಿ ಬೆಳಕು ಬಂತು. "ಅದನ್ನ ಎಸೆದಿಲ್ಲ!"

ಎಸೆದಿರಲಿಲ್ಲ, ನಿಜ. ದಪ್ಪ ತಂತಿಯಿಂದ ತನ್ನ ಟ್ರಕ್ಕಿನ ಜೋತುಬಿದ್ದ ಸೈಲೆನ್ಸರ್ ಕಟ್ಟಿದ್ದ. ಉಳಿದ ಮೂರನ್ನು ತುಂಡು ಮಾಡಿ ಟೊಮೆಟೊ ಗಿಡಗಳಿಗೆ ಆಸರೆ ಕೊಟ್ಟಿದ್ದ. ಕೋಟ್ಸ್‌ರ ಬೆವರು ಕುಡಿದು ಕಪ್ಪಾದ ತಂತಿ ಚರ್ಚಿನ ಅಂಗಳದಲ್ಲೇ, ಟ್ರಕ್ಕಿನ ಹೊಟ್ಟೆಯಡಿ ನೇತಾಡುತ್ತಿತ್ತು. ಜನ ಸಾಲುಗಟ್ಟಿ ಹೋಗಿ ಬಗ್ಗಿ ನೋಡಿದರು. ಪಾಸ್ಟರ್ ಕೂಡ ಬಗ್ಗಿದರು. ಎದ್ದವರೇ ಜೇಬಿನಿಂದ ಫೋನ್ ತೆಗೆದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಕುರ್ಚಿ ಮೆಂಫಿಸ್‌ನವನಿಗೆ ಹೋಯಿತು. ಅವನು ಚೆನ್ನಾಗಿ ನುಡಿಸುತ್ತಾನೆ, ಬಿಡಿ. ಮುಗಿದ ತಕ್ಷಣ ಕಾರು ಹತ್ತುತ್ತಾನೆ.

ಮಾವ ಮೊದಲು ಊರಿನವರ ಕಿವಿಯನ್ನು ಬೈದ. "ಈ ಜನಕ್ಕೆ ಹೊಸ ಸದ್ದು ಅರ್ಥ ಆಗಲ್ಲ ಕಣೋ, ಕಾಲ ಬೇಕು" ಎಂದು ಟೈರ್ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದ. ಪಂಕ್ಚರ್ ಹಾಕಿಸಿಕೊಳ್ಳುವವರು ಓಡಿಹೋಗುವ ಹಾಗಿರಲಿಲ್ಲ, ಕೇಳಿದರು. ಆಮೇಲೆ ಒಂದು ದಿನ ಮದರ್ ಒಡೆಸಾ ಅವನನ್ನು ಮನೆಗೆ ಕರೆಸಿದರು. ಅವನ ಎದುರಿಗೇ ಸಿಂಕಿನ ಮೇಲಿದ್ದ ಸ್ಪಂಜಿನಿಂದ ಒಂದು ಚೂರು ಕತ್ತರಿಸಿ ಕೈಗಿಟ್ಟರು.

"ನಯವಾದ ಸುತ್ತಿನ ತಂತಿ ಹಾಕು. ಬುಧವಾರದ ಪ್ರಾರ್ಥನೆಗೆ ಹಿಂದಿನ ಕೋಣೇಲಿ ನುಡಿಸು. ಅಲ್ಲಿ ನಾವು ಏಳು ಜನ ಮುದುಕೀರು, ಅರ್ಧ ಕಿವುಡು. ಆದರೆ ಆ ತಂತಿ ಒರೆಸಬೇಡ. ತೊಳೀಬೇಡ. ಬದಲಾಯಿಸಬೇಡ."

"ಎಷ್ಟು ದಿನ ಮದರ್?"

"ನಾನು ಕಣ್ಣು ಮುಚ್ಚಿದಾಗ ಅವರೇ ನುಡಿಸ್ತಿದಾರೆ ಅನ್ನಿಸೋ ತನಕ."

ಈಗ ಪ್ರತಿ ಬುಧವಾರ ಮಾವ ಹಿಂದಿನ ಕೋಣೆಗೆ ಹೋಗುತ್ತಾನೆ. ಚರ್ಚಿನ ಅಡುಗೆಮನೆಯಲ್ಲಿ ಕರಿದ ಮೀನು ತಿಂದು, ಕೈ ತೊಳೆಯದೆ ಗಿಟಾರ್ ಎತ್ತಿಕೊಳ್ಳುತ್ತಾನೆ. ಜಿಡ್ಡು ಬೇಗ ಹತ್ತಲಿ ಎಂದು. ಗುರುವಾರ ನನ್ನನ್ನು ಶಾಲೆಯ ಗೇಟಿನ ಹತ್ತಿರ ತಡೆದು ತಂತಿ ತೋರಿಸುತ್ತಾನೆ.

"ನೋಡೋ, ಕಪ್ಪಾಗಿದೆಯಾ?"

"ಇನ್ನೂ ಇಲ್ಲ ಮಾವ."

"ಆಗುತ್ತೆ. ಕೆಲಸ ನಡೀತಾ ಇದೆ."

ನಡೆಯುತ್ತದೆ ಎಂದೇ ನನಗೂ ಅನ್ನಿಸುತ್ತದೆ. ಏನೂ ಮಾಡದೆ ವರ್ಷಗಟ್ಟಲೆ ಬಿಟ್ಟಿರಬೇಕಾದ ಕೆಲಸ ಇದು. ನಮ್ಮ ಊರಿನಲ್ಲಿ ಅದಕ್ಕೆ ಅವನಿಗಿಂತ ತಕ್ಕವರು ಇನ್ನೊಬ್ಬರಿಲ್ಲ.