ಬೆಟ್ಟ ಮುರಿದ ಗಾಳಿ

ನಮ್ಮ ಭೂಗೋಳದ ಮೇಷ್ಟ್ರ ಬಲಗೈ ಹೆಬ್ಬೆರಳ ಬುಡದಲ್ಲಿ ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ಗಟ್ಟಿಯಾದ ಜಡ್ಡೊಂದಿತ್ತು. ಸೀಮೆಸುಣ್ಣ ಹಿಡಿದಾಗ ಅದು ಬೆಳ್ಳಗಾಗುತ್ತಿತ್ತು. ಅವರು ಆದಿವಾಲ ಎಂಬ ಹಳ್ಳಿಯ ಕುರಿ ಸಾಕುವ ಮನೆಯವರು. ದುರ್ಗದಲ್ಲಿ ಪಾಠ ಹೇಳುತ್ತ, ರಜೆ ಸಿಕ್ಕರೆ ಅಣ್ಣನ ಕುರಿಗಳ ಹತ್ತಿರ ಓಡುತ್ತಿದ್ದರು.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಕೊಬ್ಬಿದ್ದ ನನಗೆ ಅವರ ಪಾಠದಲ್ಲಿ ತಪ್ಪು ಹುಡುಕುವುದೇ ಕಸುಬು. ಹೊಳೆಯ ನೀರು ಬಂಡೆಯ ಹಿಂದೆ ಸುಳಿಯಾಗುವಂತೆ ಬೆಟ್ಟಸಾಲು ದಾಟಿದ ಗಾಳಿಯೂ ಸುತ್ತುತ್ತದೆ, ಆ ಸುಳಿ ಬೆಚ್ಚನೆಯ ಕಡಲಿಗೆ ಇಳಿದರೆ ಚಂಡಮಾರುತಕ್ಕೆ ಬೀಜವಾಗಬಹುದು ಎಂದರು. ಅದೇ ಚಂಡಮಾರುತ ದಡ ಹತ್ತಿದರೆ ಬೆಟ್ಟವೇ ಅದರ ಗಾಳಿಯನ್ನು ಮುರಿಯುತ್ತದೆ, ಆದರೆ ಮಳೆ ಬೆಟ್ಟ ದಾಟಿ ಬರಬಹುದು ಎಂದೂ ಸೇರಿಸಿದರು. ಹೆರುವುದೂ ಬೆಟ್ಟ, ಕೊಲ್ಲುವುದೂ ಬೆಟ್ಟ ಎಂದರೆ ಹೇಗೆ, ಒಂದು ಪಕ್ಷ ಹಿಡಿಯಿರಿ ಎಂದೆ.

“ಬೆಟ್ಟ ನಿನ್ನಂಗೆ ಬಹುಮಾನಕ್ಕೆ ನಿಂತಿಲ್ಲ ಕಣಪ್ಪ,” ಎಂದು ನಕ್ಕರು.

ಆ ಕಾರ್ತೀಕದಲ್ಲಿ ಉಣ್ಣೆ ಕತ್ತರಿಸುವುದನ್ನು ನೋಡಲು ಬಾ ಎಂದು ಕರೆದರು. ನನಗೆ ಶನಿವಾರ ತರಗತಿ ಇರಲಿಲ್ಲ, ಮುಂಚೆಯೇ ಆದಿವಾಲಕ್ಕೆ ಹೋದೆ. ಅವರು ಶನಿವಾರದ ತರಗತಿ ಮುಗಿಸಿ ಬರುವವರಿದ್ದರು. ನೆಂಟರೆಲ್ಲ ತಮ್ಮ ತಮ್ಮ ಕತ್ತರಿ ತಂದು ಸೇರಿದ್ದರು. ಅವರಿಗೆ ಟಗರು ಕಡಿದು ಉಣ್ಣಿಸಬೇಕು. ಕೆಲಸವಿಲ್ಲದೆ ವಾಪಸು ಕಳಿಸಿದರೆ ಅವಮಾನ. ಆದರೆ ಮದ್ರಾಸಿನ ಕಡೆ ಚಂಡಮಾರುತ ಬರುತ್ತಿದೆ ಎಂದು ರೇಡಿಯೋ ಹೇಳಿತ್ತು. ಉಣ್ಣೆ ತೆಗೆದ ಕುರಿ ನೆನೆದರೆ ಉಳಿಯುವುದು ಕಷ್ಟ. ಮೇಷ್ಟ್ರ ಅಣ್ಣ ನನ್ನ ಕಡೆ ತಿರುಗಿದರು.

“ನೀನು ನನ್ ತಮ್ಮನ ಶಿಷ್ಯ. ಅವನೇನಂತಾನೆ ಇದಕ್ಕೆ?”

ಎದುರಿಗೆ ಅಷ್ಟು ಜನ. ನಡುವೆ ಪೂರ್ವಘಟ್ಟ ಇದೆ, ಬೆಟ್ಟ ಚಂಡಮಾರುತವನ್ನು ಮುರಿಯುತ್ತದೆ ಎಂದು ಮೇಷ್ಟ್ರೇ ಹೇಳಿದ್ದಾರೆ ಎಂದೆ. ಅಲ್ಲಿಗೆ ನಿಲ್ಲಿಸಿದೆ. ಎದುರಾಳಿಯ ವಾಕ್ಯದಲ್ಲಿ ನಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿಕೊಳ್ಳುವುದು ಸ್ಪರ್ಧೆಯಲ್ಲಿ ಕಲಿತ ವಿದ್ಯೆ. ಕತ್ತರಿಗಳು ಶುರುವಾದವು.

ಮಧ್ಯಾಹ್ನದ ಹೊತ್ತಿಗೆ ಮೂಡಲಿಂದ ಬೂದಿ ಬಣ್ಣದ ಮೋಡ ತುಂಬಿತು. ಮೇಷ್ಟ್ರು ಬಸ್ಸಿಳಿದು ಬಂದಾಗ ಮುಕ್ಕಾಲು ಮಂದೆ ಬತ್ತಲಾಗಿತ್ತು, ಜಿಟಿಜಿಟಿ ಹಿಡಿದಿತ್ತು. ಗಾಳಿ ನಿಜಕ್ಕೂ ಮುರಿದಿತ್ತು. ಒಂದು ಎಲೆಯೂ ಉದುರಲಿಲ್ಲ. ತಣ್ಣನೆಯ ಮಳೆ ಮಾತ್ರ ನಿಲ್ಲಲಿಲ್ಲ.

“ಬೆಟ್ಟ ತಡೀತದೆ ಅಂತ ನೀನೇ ಹೇಳಿದ್ಯಂತಲ್ಲೋ,” ಎಂದರು ಅಣ್ಣ.

ಮೇಷ್ಟ್ರು ನನ್ನನ್ನು ನೋಡಿದರು. ನಾನು ಬಾಯಿ ಬಿಡುತ್ತೇನೆಂದು ಕಾದರು. ಬಿಡಲಿಲ್ಲ.

“ಹೌದು, ನಾನೇ ಹೇಳಿದ್ದು. ಮಳೆ ವಿಷ್ಯ ಹೊಳೀಲಿಲ್ಲ,” ಎಂದು ತಮ್ಮ ಕಂಬಳಿ ಬಿಚ್ಚಿ ಹತ್ತಿರದ ಮರಿಗೆ ಹೊದಿಸಿದರು.

ಮನೆಯೊಳಗೆ ಹಿಡಿದಷ್ಟು ಕುರಿ ತುಂಬಿದೆವು, ಬೆಂಕಿ ಹಾಕಿದೆವು. ಹೊರಗೆ ಉಳಿದವು ನಿಂತಲ್ಲೇ ನಡುಗಿ ಕುಸಿದವು. ಎರಡನೆಯ ದಿನಕ್ಕೆ ಹತ್ತೊಂಬತ್ತು ಸತ್ತಿದ್ದವು. ದುರ್ಗಕ್ಕೆ ಮರಳುವಾಗ ಬಸ್ಸಿನಲ್ಲಿ ಕ್ಷಮೆ ಕೇಳಹೋದೆ. ಪರೀಕ್ಷೆ ಹತ್ತಿರ ಬಂತು, ಓದಿಕೋ ಎಂದಷ್ಟೇ ಅಂದರು. ಆಮೇಲೆ ಎಂದೂ ಆ ಮಾತೆತ್ತಲಿಲ್ಲ.

ಐದು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಗುಂಡಿಯ ಪಕ್ಕ ಅವರ ಅಣ್ಣ ನೆಂಟರೊಬ್ಬರಿಗೆ ಹೇಳುತ್ತಿದ್ದರು: “ಓದಿದ್ದ, ಒಳ್ಳೇನು. ಮಳೆ ಮಾತ್ರ ಅವನಿಗೆ ಗೊತ್ತಿರ್ಲಿಲ್ಲ.”

“ಗೊತ್ತಿತ್ತು ಯಜಮಾನ್ರೇ. ಮಳೆ ಬರ್ತದೆ ಅಂತ್ಲೂ ಪಾಠದಲ್ಲಿ ಹೇಳಿದ್ರು. ಅದನ್ನ ನಿಮಗೆ ಹೇಳದೇ ಬಿಟ್ಟೋನು ನಾನು.”

ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಲೇ ಇಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದರು.

“ಲೇ ತಮ್ಮಾ,” ಎಂದರು ಗುಂಡಿಯೊಳಗಿನ ತಮ್ಮನಿಗೆ ಮೆಲ್ಲಗೆ, “ಆ ಕುರಿ ಸತ್ತಾಗ್ಲಿಂದ ಐದು ವರ್ಷ ನೀ ಹೇಳಿದ್ ಒಂದು ಮಾತೂ ನಂಬ್ಲಿಲ್ಲಲ್ಲೋ ನಾನು.”