ಭಟ್ಟಿಯವಳ ಹಾಲು

ಅವಳ ಕುಬುಸದ ಮುಂದೆ ಯಾವಾಗಲೂ ಎರಡು ಒದ್ದೆ ಗುರುತು. ಹಾಲು ಸೋರಿ, ಅದಕ್ಕೆ ಮಂಡಕ್ಕಿಯ ಪುಡಿ ಅಂಟಿ, ಬೆಲ್ಲದಚ್ಚಿನಷ್ಟು ಅಗಲ ಕಾಣುತ್ತಿತ್ತು. ನಾನು ಅವಳ ಮುಖಕ್ಕಿಂತ ಮೊದಲು ಅದನ್ನೇ ನೋಡುತ್ತಿದ್ದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ದಾವಣಗೆರೆಯಲ್ಲಿ ನನ್ನ ಗಂಡನ ಮನೆ ಮರಳಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯ ಎದುರಿಗೇ ಇತ್ತು. ಅವಳು ಅಲ್ಲಿ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರೆ ಮಾಡುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಇಬ್ಬರೂ ಒಂದೇ ತಿಂಗಳಲ್ಲಿ ಹಡೆದೆವು. ಅವಳಿಗೆ ಎರಡನೆಯ ಗಂಡು, ನನಗೆ ಚೊಚ್ಚಲು ಹೆಣ್ಣು. ಅವಳ ಮಗ ಕುಂಯ್ ಅಂದರೆ ಸಾಕು, ಜರಡಿ ಕೆಳಗಿಟ್ಟು ನಮ್ಮ ಕಟ್ಟೆಗೆ ಬಂದು ಕುಳಿತು ಕುಡಿಸುತ್ತಿದ್ದಳು. ಮಿಲ್ಲಿಗೆ ಹೋಗುವ ಗಂಡಸರೆಲ್ಲ ಓಡಾಡುವ ದಾರಿ ಅದು. ನಾನಾದರೆ ಒಳಕೋಣೆಯ ಬಾಗಿಲು ಹಾಕಿ, ಗೋಡೆಗೆ ಮುಖ ಮಾಡಿ, ಮೇಲೊಂದು ದುಪ್ಪಟಿ ಹೊದ್ದು ಕುಡಿಸಬೇಕು. ಯಾರ ಕಣ್ಣೂ ಬೀಳದಿದ್ದರೂ ನನ್ನ ಎದೆಯಲ್ಲಿ ಹಾಲಿಲ್ಲ. ಊರೆಲ್ಲ ನೋಡಿದರೂ ಅವಳದು ಬತ್ತಲಿಲ್ಲ. ಇದು ಯಾವ ನ್ಯಾಯ?

ಅತ್ತೆ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. “ಏನೇ, ಗಂಡಸ್ರು ಓಡಾಡೋ ದಾರಿಯಾಗ ಹಿಂಗ ಬಿಟ್ಕಂಡು ಕುಂತೀಯಲ್ಲ, ನಾಚ್ಕಿ ಇಲ್ಲೇನು?”

“ಪುರಸೊತ್ತಿಲ್ಲ ಅಮ್ಮಾರೆ. ಭಟ್ಟಿ ಕಾದೈತೆ. ನಾಚ್ಕಳಾದಿದ್ರ ನೋಡೋರೇ ನಾಚ್ಕಳ್ಳಿ.”

“ಮಗೀಗೆ ದೃಷ್ಟಿ ಆಗ್ತೈತೆ!”

“ಆಗಿದ್ರ ಇಷ್ಟೊತ್ತಿಗೆ ಕಡ್ಡಿ ಆಗಿರ್ತಿದ್ದ. ನೋಡ್ರಿ ಇವನ ತೊಡಿ!”

ಆ ತೊಡೆ ಬಾಳೆದಿಂಡಿನ ಹಾಗಿತ್ತು. ನನ್ನ ಮಗಳ ತೊಡೆಯಲ್ಲಿ ಚರ್ಮ ಜೋತುಬಿದ್ದಿತ್ತು.

ಮಗ ಕುಡಿದ ಮೇಲೂ ಅವಳಿಗೆ ಹಾಲು ಮಿಗುತ್ತಿತ್ತು. ಎದೆ ಕಟ್ಟಿ ನೋವಾದಾಗ ಒಂದು ಬಟ್ಟಲಿಗೆ ಹಿಂಡಿ ನನ್ನ ಕೈಗೆ ಕೊಡುತ್ತಿದ್ದಳು. “ತಂಗೆವ್ವ, ನಿಮ್ಮ ಹಿತ್ತಲ ದಾಸಾಳದ ಬುಡಕ್ಕೆ ಹಾಕು. ಇರುವಿ ಮುಟ್ಟಬಾರ್ದು ನೋಡು.” ಎದೆಹಾಲಿಗೆ ಇರುವೆ ಮುತ್ತಿದರೆ ಹಡೆದವಳ ಎದೆ ಬತ್ತುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಆ ಹಾಲನ್ನು ನನ್ನ ಮಗಳಿಗೇ ಕುಡಿಸಬಹುದಿತ್ತಲ್ಲ ಎಂದರೆ, ಭಟ್ಟಿಯವಳ ಹಾಲು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟಲನ್ನು ಬಚ್ಚಲಗೋಡೆಯ ಇರುವೆಗೂಡಿನ ಬಾಯಿಗೇ ಸುರಿದೆ. ಅವು ಕರ್ರಗೆ ಮುತ್ತುವವರೆಗೆ ನಿಂತು ನೋಡಿದೆ. ಮರುದಿನ ಎದ್ದವಳೇ ಬಾಗಿಲಿಗೆ ಹೋಗಿ ಅವಳ ಕುಬುಸ ನೋಡಿದೆ. ಒದ್ದೆಯಾಗಿಯೇ ಇತ್ತು.

ಆ ಬೇಸಿಗೆಯಲ್ಲಿ ಅತ್ತೆಯ ಜೊತೆ ಹರಿಹರದ ನನ್ನ ತವರಿಗೆ ಹೊರಟೆ. ಅದೇ ಬಸ್ಸಿನಲ್ಲಿ ಅವಳೂ ಇದ್ದಳು, ಭಾನುವಳ್ಳಿಯ ತನ್ನ ತಾಯಿಮನೆಗೆ ಹೋಗಲು. ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಕೂಸಿಗೆಂದು ತಂದ ಆಕಳ ಹಾಲು ಬಿಸಿಲಿಗೆ ಒಡೆದುಹೋಯಿತು. ಮಗಳು ಅತ್ತೂ ಅತ್ತೂ ಕೊನೆಗೆ ಬಾಯಿ ತೆರೆದರೂ ದನಿ ಬರದ ಹಾಗಾದಳು. ಭಟ್ಟಿಯವಳು ಮುಂದಿನ ಸೀಟಿನಿಂದ ಎದ್ದು ಬಂದು ಕೈ ಚಾಚಿದಳು.

“ಕೊಡು ಇಲ್ಲಿ.”

ನಾನು ಅತ್ತೆಯ ಮುಖ ನೋಡಿದೆ.

“ಅವ್ರ ಮುಖ ಏನ್ ನೋಡ್ತಿ? ಕೂಸಿನ ಮುಖ ನೋಡು,” ಎಂದು ಕಸಿದುಕೊಂಡಳು.

ಬಸ್ಸಿನ ತುಂಬ ಗಂಡಸರು. ಅತ್ತೆ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ತಮ್ಮ ಸೆರಗನ್ನು ಎರಡೂ ಕೈಯಲ್ಲಿ ಅಗಲ ಹಿಡಿದು ಅವಳಿಗೆ ಮರೆ ಮಾಡಿದರು.

“ಸರೀರಿ ಅಮ್ಮಾರೆ, ಕೂಸಿಗೆ ಗಾಳಿ ಬ್ಯಾಡೇನು?”

ಯಾರೋ ನಕ್ಕರು. ನನ್ನ ಕೂಸು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸುತ್ತಿತ್ತು. ನನ್ನ ಎದೆಯಲ್ಲಿ ಆ ಸದ್ದನ್ನು ಒಂದು ದಿನವೂ ಕೇಳಿರಲಿಲ್ಲ.

ಆಮೇಲೆ ಒಂದು ವರ್ಷ ಮಗಳು ಅವಳ ಹಾಲನ್ನೇ ಕುಡಿದಳು, ನಮ್ಮ ಕಟ್ಟೆಯ ಮೇಲೆ, ಹಾಡುಹಗಲೇ. ಅವಳ ದನಿ ಕೇಳಿದರೆ ನನ್ನ ತೊಡೆಯಿಂದ ನೆಗೆಯುತ್ತಿದ್ದಳು. ಬಾಣಂತನಕ್ಕೆಂದು ನನಗೆ ತವರಿನಿಂದ ಬಂದ ಅಂಟಿನುಂಡೆಯನ್ನೂ ಅತ್ತೆ ಡಬ್ಬಿ ಸಮೇತ ಅವಳಿಗೇ ಕೊಟ್ಟರು. ಒಂದು ದಿನ ತಡೆಯಲಾರದೆ ಅವಳಿಗೆ ಇರುವೆಯ ವಿಷಯ ಹೇಳಿಬಿಟ್ಟೆ.

“ಗೊತ್ತೈತೆ. ಬಟ್ಟಲ ತೊಳೀದೇ ಕೊಟ್ಟಿದ್ದಿ. ಒಳಗ ಎರಡು ಇರುವಿ ಸತ್ತಿದ್ವು.”

“ಮತ್ತ ನನ್ನ ಮಗಳಿಗೆ ಯಾಕ ಕುಡಿಸ್ದೆ?”

“ಇರುವಿಗೇ ಕೊಟ್ಟೀನಿ, ಇವಳಿಗೆ ಕೊಡಬಾರ್ದೇನು?” ಎಂದು ಕೂಸಿನ ಮೂಗಿಗೆ ಅಂಟಿದ್ದ ಮಂಡಕ್ಕಿ ಪುಡಿ ಒರೆಸಿದಳು.

ಮಗಳಿಗೆ ಹನ್ನೆರಡು ತುಂಬಿದ ವರ್ಷ ಭಟ್ಟಿಯವಳು ಜ್ವರ ಬಂದು ಭಾನುವಳ್ಳಿಯಲ್ಲಿ ತೀರಿಕೊಂಡಳು. ನಾನೂ ಮಗಳೂ ಹೋದೆವು. ಹೆಣದ ಸುತ್ತ ಹೆಂಗಸರು ಕುಳಿತಿದ್ದರು. ನನ್ನ ಮಗಳು ಅವರನ್ನು ಸರಿಸಿಕೊಂಡು ಹೋಗಿ ತಲೆಯ ಹತ್ತಿರವೇ ಕುಳಿತಳು. ಆ ಊರಿನ ಮುದುಕಿಯೊಬ್ಬಳು ಕೇಳಿದಳು: “ನೀ ಯಾರವ್ವ?”

“ನಾನು ಇವಳ ಮಗಳು.”

ಮುದುಕಿ ನನ್ನ ಕಡೆ ತಿರುಗಿದಳು. “ನೀನು?”

“ಎದುರುಮನಿಯಾಕಿ,” ಅಂದೆ.