ಥ್ರಾಟಲ್ ಲಾಕ್ ಹಾಕಿಸಿಕೊಂಡು ಖಾನಾಪುರದವರೆಗೆ

ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅಷ್ಟು ದೂರ ಹೋಗಿ ಬಂದದ್ದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಆದರೆ ಡಿಸೆಂಬರಿನ ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಗಾಡಿ ಹೊರಗೆ ತೆಗೆದಾಗ ನನಗೆ ಅದು ದೊಡ್ಡ ಪರೀಕ್ಷೆಯಾಗಿತ್ತು. ಹತ್ತು ದಿನ ಬಿಟ್ಟು ನಾನೂ ಗೆಳತಿ ಶೋಭಕ್ಕನೂ ಎರಡು ಮೋಟರ್ ಸೈಕಲ್‌ಗಳ ಮೇಲೆ ಕನ್ಯಾಕುಮಾರಿಗೆ ಹೊರಡುವವರಿದ್ದೆವು. ನನ್ನ ಬಲಗೈ ಅಲ್ಲಿಯವರೆಗೆ ತಾಳುತ್ತದೋ ಇಲ್ಲವೋ, ಈ ಇಪ್ಪತ್ತೈದು ಕಿಲೋಮೀಟರಿನಲ್ಲಿ ನೋಡಬೇಕಿತ್ತು.

ಕೈಯ ವಿಷಯ ಹೇಳಿಬಿಡುತ್ತೇನೆ. ನಾನು ಟೇಲರ್. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಕಳೆದ ಮಳೆಗಾಲದಿಂದ ಜೋಮು ಹಿಡಿದಿದೆ, ಬಿಡುತ್ತಿಲ್ಲ. ನೆಹರು ನಗರದಲ್ಲಿ ತೋರಿಸಿದ ಡಾಕ್ಟರು, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಗಾಡಿ ಬೇಡ ಎಂದರು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಶೋಭಕ್ಕನಿಗಂತೂ ಸುಳಿವೇ ಕೊಡಲಿಲ್ಲ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು, ವಯಸ್ಸು ಅರವತ್ತೊಂದು. "ಈ ವರ್ಷ ಹೋಗಲಿಲ್ಲಂದ್ರ ಮುಂದ ನನ್ನ ಮೊಣಕಾಲು ಕೇಳೂದಿಲ್ಲ," ಎಂದು ಅವರು ಎರಡು ಸಲ ಹೇಳಿದ್ದರು. ಹಾಗೆಂದವರ ಮುಂದೆ ನನ್ನ ಬೆರಳಿನ ಪುರಾಣ ತೆಗೆಯಲು ಮನಸ್ಸಾಗಲಿಲ್ಲ. ಬದಲಿಗೆ ಥ್ರಾಟಲ್ ಲಾಕ್ ತರಿಸಿದೆ.

ಅದು ಬಳೆಯಂಥ ಒಂದು ಲೋಹದ ಪಟ್ಟಿ. ಎಕ್ಸಲೇಟರಿನ ಹಿಡಿಕೆಗೆ ಬಿಗಿಯುತ್ತಾರೆ. ಮೇಲಿನ ಗುಂಡಿ ಒತ್ತಿದರೆ ಎಕ್ಸಲೇಟರ್ ತಿರುವಿದಲ್ಲಿಯೇ ನಿಲ್ಲುತ್ತದೆ, ಗಾಡಿ ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ, ಕೈಗೆ ವಿಶ್ರಾಂತಿ. ಕೆಳಗಿನ ಗುಂಡಿ ಒತ್ತಿದರೆ ಬಿಡುತ್ತದೆ.

ಉದ್ಯಮಬಾಗದಲ್ಲಿ ಗೌಸಭಾಯಿಯ ಗ್ಯಾರೇಜು. ಸುತ್ತಲಿನ ಲೇತ್ ಯಂತ್ರಗಳು ಆಗಲೇ ಕಿರುಗುಟ್ಟುತ್ತಿದ್ದವು. ಗೌಸಭಾಯಿ ಪಟ್ಟಿಯನ್ನು ಮೂರು ಸಲ ಬಿಗಿದು ಮೂರು ಸಲ ಸಡಿಲಿಸಿದರು, ನಡುವೆ ಕಾಗದದಷ್ಟು ತೆಳ್ಳನೆಯ ವಾಷರ್ ಇಟ್ಟರು. ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಸದ್ದು ಆಲಿಸಿದರು. ಎಕ್ಸಲೇಟರ್ ತಿರುವಿ ಬಿಟ್ಟರೆ ಟಪ್ ಎಂದು ವಾಪಸು ಬರಬೇಕು, ಬಂತು. ಇಷ್ಟಾದರೂ ಕೀಲಿ ಕೊಡಲಿಲ್ಲ.

"ಕಣ್ಣ ಮುಚ್ಚರಿ ಅಕ್ಕಾರ," ಎಂದರು. "ನಾ ಲಾಕ್ ಹಾಕ್ತೀನಿ, ತಗೀತೀನಿ. ನೀವು ಬೆರಳಿಲೆ ಮುಟ್ಟಿ ಹೇಳ್ರಿ, ಲಾಕ್ ಐತೋ ಇಲ್ಲೋ. ರಸ್ತಾದಾಗ ಕೆಳಗ ನೋಡಾಕ ಟೈಮ್ ಸಿಗೂದಿಲ್ಲ."

ಕಣ್ಣು ಮುಚ್ಚಿ ಮುಟ್ಟಿದೆ. ದಪ್ಪ ಬಟ್ಟೆಯ ಮೇಲಿಂದ ಗುಂಡಿ ಹುಡುಕಿದ ಹಾಗಾಯಿತು. "ಐತಿ," ಎಂದೆ. ಇರಲಿಲ್ಲ. "ಚಳಿ ಭಾಯಿ, ಬೆರಳು ಸೆಟದಾವ," ಎಂದು ನಕ್ಕೆ. ಮುಂದಿನ ಮೂರು ಸಲ ರೆಪ್ಪೆಯ ಸಂದಿನಿಂದ ಕದ್ದು ನೋಡಿ ಸರಿಯಾಗಿ ಹೇಳಿದೆ. ಪಾಪ, ಅವರು ನಂಬಿದರು.

"ಲಾಕ್ ಇದ್ರೂ ಜೋರ್ ಹಾಕಿ ತಿರುವಿದ್ರ ಎಕ್ಸಲೇಟರ್ ಬಂದ್ ಆಗತೈತ್ರಿ. ಇದನ್ನ ಮರೀಬ್ಯಾಡ್ರಿ," ಎಂದು ಕೀಲಿ ಕೈಗಿಟ್ಟರು. ಆ ಜೋರೂ ನನ್ನ ಕೈಯಲ್ಲಿ ಉಳಿದಿಲ್ಲ ಎಂದು ಅವರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಒಂಬತ್ತೂವರೆಗೆ ಶೋಭಕ್ಕ ಬಂದರು. ಕನ್ಯಾಕುಮಾರಿಯ ತಯಾರಿಯೆಂದು ಹಿಂದಿನ ಸೀಟು ತೆಗೆಸಿ, ಅಲ್ಲಿ ದೊಡ್ಡ ಪೆಟ್ಟಿಗೆ ಕೂರಿಸಿಕೊಂಡಿದ್ದರು. ನಾನು ಮುಂದೆ, ಅವರು ಹಿಂದೆ ಹೊರಟೆವು. ಪೀರನವಾಡಿ, ಮಚ್ಛೆ ದಾಟುವವರೆಗೆ ಟ್ರಕ್ಕುಗಳ ಕಾಟ, ಲಾಕ್ ಮುಟ್ಟಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಹತ್ತತೊಡಗಿತ್ತು. ದೇಸೂರಿನ ಆಚೆ ರಸ್ತೆ ಖಾಲಿಯಾಯಿತು, ಹೊಲಗಳ ಮೇಲೆ ಇನ್ನೂ ಮಂಜಿತ್ತು. ಅರವತ್ತರ ವೇಗದಲ್ಲಿ ಗುಂಡಿ ಒತ್ತಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಗಾಡಿ ತನ್ನಷ್ಟಕ್ಕೆ ಹೋಗುತ್ತಿತ್ತು. ನೋವು ಇಳಿಯಿತು. ಒಂದೆರಡು ಕಿಲೋಮೀಟರ್ ನನಗೆ ಎಷ್ಟು ಖುಷಿಯಾಯಿತೆಂದರೆ, ಮಧುರೈಯಲ್ಲಿ ಎಲ್ಲಿ ಉಳಿಯುವುದೆಂದು ಲೆಕ್ಕ ಹಾಕತೊಡಗಿದ್ದೆ.

ಆಗ ಎಡಗಡೆಯ ಹೊಲದಿಂದ ಕುರಿಗಳು ರಸ್ತೆಗೆ ಇಳಿದವು. ದೂರವೇ ಇದ್ದವು, ಗಾಬರಿಪಡುವಂಥದ್ದಿರಲಿಲ್ಲ. ಕೈ ಹಿಡಿಕೆಗೆ ತಂದು ಕೆಳಗಿನ ಗುಂಡಿ ಒತ್ತಿದೆ, ಅಥವಾ ಒತ್ತಿದೆನೆಂದುಕೊಂಡೆ. ಎಕ್ಸಲೇಟರ್ ತಿರುಗಲಿಲ್ಲ, ಅಂಗೈ ರಬ್ಬರಿನ ಮೇಲೆ ಜಾರಿತು. ಬ್ರೇಕ್ ಹಿಡಿದರೂ ಎಂಜಿನ್ ಮುಂದಕ್ಕೇ ಎಳೆಯುತ್ತಿತ್ತು. ಕ್ಲಚ್ ಹಿಡಿದೆ, ಎಂಜಿನ್ ಕಿರುಚಿಕೊಂಡಿತು. ಆ ಸದ್ದಿಗೆ ಕುರಿಗಳು ಚೆಲ್ಲಾಪಿಲ್ಲಿಯಾಗಿ ಅರ್ಧ ನನ್ನ ಕಡೆಗೇ ಓಡಿ ಬಂದವು. ಗಾಡಿ ನಿಂತಾಗ ಮುಂದಿನ ಗಾಲಿಗೂ ಕುರಿ ಕಾಯುವವನ ಕಾಲಿಗೂ ನಡುವೆ ಒಂದು ಮೊಳ ಜಾಗವಿತ್ತು. ಎಡಗೈಯಿಂದ ಕೀಲಿ ತಿರುವಿ ಎಂಜಿನ್ ಆರಿಸಿದೆ.

ನಡುವಯಸ್ಸಿನ ಆ ಮನುಷ್ಯ ಬೈಯಲಿಲ್ಲ. ಒಂದು ಮರಿಯನ್ನು ಎತ್ತಿಕೊಂಡು ಅದರ ಕಾಲು ನೀವಿ ನೋಡಿದ. "ಏನೂ ಆಗಿಲ್ಲ ಬಿಡ್ರಿ," ಎಂದ. ಆಮೇಲೆ, "ಕುರಿ ಕಂಡ ಮ್ಯಾಲೂ ಯಾಕ ರೇಸ್ ಕೊಟ್ರಿ?" ಎಂದು ಕೇಳಿದ.

ಹಿಂದೆ ನಿಂತ ಶೋಭಕ್ಕ, "ಅಗ ಸುಮಾ, ಏನಾತು?" ಎಂದರು. "ಕುರಿ ಒಮ್ಮಿಗೆಲೆ ಬಂದೂ," ಎಂದೆ. ಅವರು ನನ್ನ ಮುಖ ನೋಡಿದರು. ಖಾನಾಪುರದವರೆಗೆ ಲಾಕ್ ಮುಟ್ಟದೆ, ನಲವತ್ತು ದಾಟದೆ ಹೋದೆ.

ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯಲ್ಲಿ ಬಟಾಟಿ ವಡಾ ತಿಂದು ಚಹಾ ಹೇಳಿದೆವು. ಕುದಿಯುವ ಚಹಾ ಗಾಜಿನ ಗ್ಲಾಸಿನಲ್ಲಿ ಬಂತು. ನನ್ನ ಮನಸ್ಸು ಇನ್ನೂ ಆ ಮರಿಯ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಶೋಭಕ್ಕ ತಮ್ಮ ಗ್ಲಾಸನ್ನು ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿದು, ಕುಡಿಯದೆ, ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಗ್ಲಾಸಿನ ಮೈಗೆ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳನ್ನೂ ಒತ್ತಿ ಹಿಡಿದಿದ್ದೆ.

"ಸುಡವಲ್ದೇನು?" ಎಂದು ಕೇಳಿದರು.

ನಾನು ಗ್ಲಾಸು ಕೆಳಗಿಟ್ಟೆ. ಅವರು ನನ್ನ ಕೈ ಎಳೆದು ಹೆಬ್ಬೆರಳು, ತೋರುಬೆರಳು ಒಂದೊಂದನ್ನೇ ಚಿವುಟಿದರು. ಕಿರುಬೆರಳಿಗೆ ಬಂದಾಗ ಮಾತ್ರ ನೋವಾಗಿ ಕೈ ಎಳೆದುಕೊಂಡೆ.

"ಯಾವಾಗಿಂದ?"

"ಮಳಿಗಾಲದಿಂದ."

"ಡಾಕ್ಟರಿಗೆ ತೋರಿಸೀಯೇನು?" ಹೌದೆಂದು ತಲೆ ಆಡಿಸಿ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಗಾಡಿ ಬೇಡ ಎಂದದ್ದನ್ನೂ ಹೇಳಿದೆ. ಅವರ ಮುಖ ಕೆಂಪಗಾಯಿತು, ದನಿ ಮಾತ್ರ ಏರಲಿಲ್ಲ. "ಕನ್ಯಾಕುಮಾರಿ ತನಕ ನಿನ್ನ ಬೆನ್ನ ಹಿಂದ ನಾ ಗಾಡಿ ಓಡಸಾಕಿ ಇದ್ದೆ, ಸುಮಾ. ನೀ ಬಿದ್ದಿದ್ರ ನಿನ್ನ ಮ್ಯಾಲ ಹಾಯಿಸಾಕಿ ನಾನ. ಅದರ ವಿಚಾರ ಮಾಡಿದ್ದೇನು?"

ಮಾಡಿರಲಿಲ್ಲ. ಬಿದ್ದರೆ ನನ್ನ ಕೈ, ನನ್ನ ಮೈ ಎಂದಷ್ಟೇ ಅಂದುಕೊಂಡಿದ್ದೆ. ಶೋಭಕ್ಕ ಕೈ ಚಾಚಿದರು. ಗಾಡಿಯ ಕೀಲಿ ಕೊಟ್ಟೆ.

ಅವರ ತಂಗಿಯ ಮನೆ ಖಾನಾಪುರದಲ್ಲೇ ಇದೆ. ನನ್ನ ಗಾಡಿಯನ್ನು ಅಲ್ಲಿಯ ಅಂಗಳದಲ್ಲಿ ಅವರೇ ನಿಲ್ಲಿಸಿ ಬಂದರು. ಅವರ ಗಾಡಿಯ ಹಿಂದೆ ಪೆಟ್ಟಿಗೆ ಇದ್ದುದರಿಂದ ನಾನು ಬಸ್ಸಿನಲ್ಲಿ ಹೊರಡಬೇಕಾಯಿತು. "ಆಪರೇಷನ್ ತಾರೀಖು ತಗೊಂಡ ಮ್ಯಾಲ ನನಗ ಫೋನ್ ಹಚ್ಚು, ಅದಕ್ಕಿಂತ ಮೊದಲ ಬ್ಯಾಡ," ಎಂದು ಹೇಳಿ, ಹಿಂದಿರುಗಿ ನೋಡದೆ ಹೋದರು. ಕನ್ಯಾಕುಮಾರಿಯ ಮಾತು ಇಬ್ಬರೂ ಎತ್ತಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ಇಷ್ಟು ವರ್ಷ ಸ್ವಂತ ಗಾಡಿಯಿದ್ದವಳಿಗೆ ಅದು ಮೊದಲನೆಯ ಉಚಿತ ಟಿಕೆಟ್. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದಲ್ಲಿ ಮೆಂತ್ಯೆಯ ಗಂಟು ಹಿಡಿದ ಹೆಂಗಸು ಹೆಲ್ಮೆಟ್ಟನ್ನೂ ನನ್ನನ್ನೂ ನೋಡಿ ನೋಡಿ, ಕೊನೆಗೆ ಕೇಳಿದಳು.

"ಗಾಡಿ ಎಲ್ಲೈತ್ರಿ?"

"ಖಾನಾಪುರದಾಗ ಬಿಟ್ಟ ಬಂದೀನ್ರಿ."

"ಕೆಟ್ಟೈತೇನ್ರಿ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೊರಗೆ ದೇಸೂರಿನ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಗಾಡಿ ಬರೋಬ್ಬರಿ ಐತ್ರಿ," ಎಂದೆ. "ನನ್ನ ಕೈ ಕೆಟ್ಟೈತಿ."